ಕುರಿ ಯಾರು, ಟಗರು ಯಾರು

ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು. ವಿಜಾಪುರದ ಇಬ್ರಾಹಿಂಪುರ ಓಣಿಯಲ್ಲಿ ರೈಲು ಹಳಿಯ ಮೇಲೆ ಬಿಸಿಲು ಎಂಟು ಗಂಟೆಗೇ ಕಣ್ಣು ಚುಚ್ಚುತ್ತಿತ್ತು. ತಿಕೋಟಾ ಕಡೆಯ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದು ಶೆಡ್ಡುಗಳಲ್ಲಿ ಮಣೂಕ ಒಣಗುವ ಕಾಲ. ಸಖೂಬಾಯಿ ಅಕ್ಕೋರ ಕಟ್ಟೆಯ ಮೇಲೂ ಒಂದು ಮೊರದ ತುಂಬ ಮಣೂಕ ಹರವಿತ್ತು. ಅಕ್ಕೋರು ಕಡ್ಡಿ ಆರಿಸುತ್ತಿದ್ದರು. ಲಾಡಲೇಸಾಬ ಬಾಗಿಲ ಮುಂದೆ ತನ್ನ ಆಟೋ ತೊಳೆಯುತ್ತಿದ್ದ.

ಅಕ್ಕೋರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಲಾಡಲೇಸಾಬ ಅವರ ಕೈಯಲ್ಲಿ ಎರಡು ಸಲ ಹತ್ತನೆಯ ಇಯತ್ತೆ ಫೇಲಾದವನು. ಆ ಋಣವೋ ಏನೋ, ಹನ್ನೊಂದು ವರ್ಷದಿಂದ ಅವರು ಎಲ್ಲಿಗೆ ಹೊರಟರೂ ಇವನ ಆಟೋನೇ ಆಗಬೇಕು. ಅವರಿಗೆ ಎರಡು ಚಟ. ಒಂದು, ಜನರ ಬಾಯಲ್ಲಿ ಓಡಾಡುವ ಮಾತುಗಳನ್ನು ವಹಿಯಲ್ಲಿ ಬರೆದಿಡುವುದು. ಇನ್ನೊಂದು, ಯಾರದಾದರೂ ಏನಾದರೂ ಕಳೆದರೆ ಅದು ಸಿಗುವತನಕ ನಿದ್ದೆಗೆಡುವುದು.

"ಲಾಡ್ಲ್ಯಾ, ನಿಮ್ಮ ಸ್ಟ್ಯಾಂಡಿನ್ಯಾಗ ಯಾರಿಗೆ ಕುರಿ ಅಂತೀರಿ?"

"ಬಾಡಿಗಿ ಎಷ್ಟು ಅಂತ ಕೇಳದ ಹತ್ತಿ ಕುಂಡ್ರಾಂವಗ್ರಿ."

"ಟಗರು ಅಂದ್ರ?"

"ಇಳದ ಮ್ಯಾಲೆ ಬಾಡಿಗಿ ಕೊಡದ ಹೋಗಾಂವಗ್ರಿ."

ಅಕ್ಕೋರು ನಕ್ಕು ಬರೆದುಕೊಂಡರು. "ಇದರೊಳಗ ಒಂದು ಮಜಾ ಅದ ನೋಡು. ಹೊಲದಾಗ, ಹಟ್ಟ್ಯಾಗ ಟಗರು ಅಂದ್ರ ಗಂಡು ಕುರಿ. ಅಂದ್ರ ಅದೂ ಒಂದು ಕುರಿನ. ಆದ್ರ ಓಣಿ ಮಾತಿನ್ಯಾಗ ಕುರಿ ಅಂದ್ರ ಸುಲಭಕ್ಕ ಮೋಸ ಹೋಗಾಂವ, ಟಗರು ಅಂದ್ರ ಯಾರಿಗೂ ಬಗ್ಗದಾಂವ. ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದ ಎರಡು ಮಾತು, ಓಣಿಗೆ ಬರೂದ್ರಾಗ ಎದುರಾ ಬದುರಾ ನಿಂತುಬಿಟ್ಟಾವ."

"ನನಗ ಯಾವ್ದು ಹೊಂದತೈತ್ರಿ ಅಕ್ಕೋರ?"

"ನೀ ಮೊದಲ ಆಟೋ ತೊಳಿ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬಳು ಮನೆ ಮನೆಯ ಬಾಗಿಲು ನೋಡುತ್ತ ಬಂದಳು. ಚಪ್ಪಲಿ ಕೈಯಲ್ಲಿತ್ತು, ಕಣ್ಣು ಊದಿದ್ದವು.

"ಕಳದದ್ದು ಹುಡುಕಿ ಕೊಡೂ ಅಕ್ಕೋರ ಮನಿ ಇದ ಏನ್ರಿ ಯಪ್ಪಾ?"

ಲಾಡಲೇಸಾಬ ಕಟ್ಟೆಯತ್ತ ಕೈ ತೋರಿಸಿದ. ಅವಳು ಅಲ್ಲೇ ಕುಸಿದು ಕೂತು, ಕೊಟ್ಟ ನೀರು ಕುಡಿದು, ಹೇಳಿಕೊಂಡಳು.

ಹೆಸರು ಬೋರವ್ವ, ತಿಕೋಟಾದವಳು. ಮಗ ಅಮೋಘಿಗೆ ಅರವತ್ತು ಕುರಿಗಳ ಹಿಂಡು. ಬಬಲೇಶ್ವರದ ಶಿವಾಜಿ ಎಂಬ ರೈತ ತಿಂಗಳ ಹಿಂದೆ ಸಂತೆಯಲ್ಲಿ ಒಂದು ಬೀಜದ ಟಗರು ಕೊಂಡಿದ್ದ. ಕರಿಯದು, ಕೋಡಿಲ್ಲದ್ದು, ಕರುವಿನಷ್ಟು ಎತ್ತರ. ತನ್ನ ಮನೆಯಲ್ಲಿ ಮೇಯಿಸುವವರಿಲ್ಲವೆಂದು ಕೊಂಡ ದಿನವೇ ಅಮೋಘಿಯ ಹಿಂಡಿಗೆ ಬಿಟ್ಟಿದ್ದ. ಬೆನ್ನ ಮೇಲೆ ಕೆಂಪು ಹುರಮಂಜಿನ ಪಟ್ಟಿ ಬಳಿದು, ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟಿದ್ದ. ಸೋಮವಾರ ಕೆರೆಯ ದಂಡೆಯಲ್ಲಿ ಉಣ್ಣೆ ಕತ್ತರಿಸುವ ಕೆಲಸ ನಡೆದಾಗ ಟಗರು ಮಾಯವಾಯಿತು. ಹಾಡುಹಗಲೇ.

"ಮರುದಿನ ಮುಂಜಾನಿ ವಿಜಾಪುರ ರಸ್ತೆ ಬಾಜೂ ಗಂಟಿ ಸಿಕ್ಕತ್ರಿ. ಅಷ್ಟಕ್ಕ ಶಿವಾಜಿ, ನನ್ನ ಮಗ ಅದನ್ನ ಕಡ್ಯಾಕ ಮಾರ್ಯಾನಂತ ನಾಕು ಊರಾಗ ಹೇಳಿಬಿಟ್ಟಾನ. ಹಿರ್ಯಾರು ಕೂಡಿ, ನಾಳೆ ಶುಕ್ರವಾರ ಹೊತ್ತು ಮುಳುಗೂದ್ರಾಗ ಟಗರು ಕೊಡು, ಇಲ್ಲಾ ಹನ್ನೆರಡು ಹೆಣ್ಣು ಕುರಿ ಕೊಡು ಅಂದಾರ."

"ಅಷ್ಟು ಕುರಿ ಹೋದ್ರ ಕಷ್ಟ ಅದ," ಎಂದರು ಅಕ್ಕೋರು.

"ಕುರಿ ಹೋದ್ರ ಮತ್ತ ಹುಟ್ಟತಾವ್ರಿ. ಹೆಸರು?" ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. "ರೈತರು ರಾತ್ರಿ ತಮ್ಮ ಹೊಲದಾಗ ನಮ್ಮ ಕುರಿ ನಿಂದ್ರಸ್ಕೊಂಡು, ಗೊಬ್ಬರಕ್ಕ ಕಾಳು ಕೊಟ್ಟಾಗ ನಮ್ಮ ಒಲಿ ಹೊತ್ತತೈತ್ರಿ. ನಾಕು ಮಂದಿ ಕರದಿದ್ರು. ನಾಕೂ ಮಂದಿ, ಕಳ್ಳನ ಹಿಂಡು ಬ್ಯಾಡ ಅಂದಾರ. ಮಗ ಮೂರು ದಿನದಿಂದ ಹಟ್ಟಿ ಬಿಟ್ಟು ಹೊರಗ ಬಂದಿಲ್ಲ."

ಅಕ್ಕೋರು ಮೊರವನ್ನು ಒಳಗಿಟ್ಟು ಬಾಗಿಲಿಗೆ ಕೀಲಿ ಹಾಕಿದರು.

ದಾರಿಯಲ್ಲಿ ಲಾಡಲೇಸಾಬ ಗಾಂಧಿ ಚೌಕದ ಹಿಂದೆ ಮಾಂಸದ ಅಂಗಡಿ ಇಟ್ಟಿರುವ ತನ್ನ ಮಾವನ ಮಗ ಸುಫಿಯಾನನನ್ನು ಕಂಡು ಬಂದ. ಅಂಥ ಎತ್ತರದ ಕರಿ ಬೋಳು ಟಗರು ಈ ವಾರ ಊರಿಗೆ ಬಂದೇ ಇಲ್ಲ, ಬಂದಿದ್ದರೆ ಹತ್ತು ಅಂಗಡಿಯವರ ಬಾಯಲ್ಲಿ ಇರುತ್ತಿತ್ತು ಎಂದು ಅವನ ಮಾತು. "ಮತ್ತ ಒಂದು ಮಾತು ಅಂದಾನ್ರಿ ಅಕ್ಕೋರ. ಕುರುಬರು ಕುರಿ ಮಾರಿದ್ರೂ ಗಂಟಿ, ಹಗ್ಗ ಕೊಡಾಂಗಿಲ್ಲಂತ."

"ಹೌದು ಮತ್ತ," ಹಿಂದಿನ ಸೀಟಿನಿಂದ ಬೋರವ್ವ ಹೇಳಿದಳು. "ಹಗ್ಗ ಕೊಟ್ರ ಹಿಂಡಿನ ಲಕ್ಷ್ಮಿ ಬೆನ್ನ ಹತ್ತಿ ಹೋಗ್ತಾಳ. ಬಿಚ್ಚಿ ಮನಿಗೆ ತಂದು ಗೂಟಕ್ಕ ಹಾಕ್ತೇವಿ. ರಸ್ತ್ಯಾಗ ಯಾರು ಒಗೀತಾರ?"

ಅಕ್ಕೋರು ವಹಿ ತೆಗೆದರು.

ತಿಕೋಟಾದ ಹಟ್ಟಿಯಲ್ಲಿ ಅಮೋಘಿ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಹೆಂಡತಿ ಚಂದ್ರಕಲಾ ಉಣ್ಣೆಯ ರಾಶಿ ಬಿಡಿಸುತ್ತಿದ್ದಳು. ರಸ್ತೆಯ ಬದಿ ಗಂಟೆ ಕಂಡವಳು ಅವಳೇ. ಅದನ್ನು ತಂದು ಅಕ್ಕೋರ ಕೈಗಿಟ್ಟಳು. ಹಗ್ಗ ಕೊಯ್ದಿರಲಿಲ್ಲ, ಕುರಿಗಾರರು ಹಾಕುವ ಗಂಟನ್ನು ನಿಧಾನಕ್ಕೆ ಬಿಚ್ಚಿದ್ದರು.

"ಸೋಮವಾರ ಕೆರಿ ದಂಡಿಗೆ ಯಾರಾರು ಇದ್ರಪಾ?"

"ನಾನು, ಇಕಿ, ಸುಭಾಷರಿ," ಎಂದ ಅಮೋಘಿ. "ಸುಭಾಷ ನನ್ನ ಜೋಡಿ ಸಾಲಿ ಕಲತಾಂವ. ಅವನ್ವು ಐವತ್ತು ಕುರಿ. ಉಣ್ಣಿ ಕತ್ತರಸೂದು ನಮ್ಮಲ್ಲಿ ಮುಯ್ಯಿರಿ. ಅವನ ಕುರಿ ನಾ ಕತ್ತರಸೂದು, ನನ್ನ ಕುರಿ ಅಂವ. ತನ್ನ ಕುರಿಗೆ ತಾನ ಕತ್ತರಿ ಹಚ್ಚೂದಿಲ್ಲ. ಟಗರಿನ ಉಣ್ಣಿ ಎಲ್ಲಾಕಿಂತ ಕಡೀಕ ತಗಿಯೋಣಂತ ಅದನ್ನ ಜಾಲಿಗಿಡಕ್ಕ ಕಟ್ಟಿದ್ದೆ. ಸಂಜಿಗೆ ನೋಡಿದ್ರ ಗಿಡ ಅಷ್ಟ ಇತ್ತು."

"ನಿಮ್ಮ ಕುರಿ ನಿಮಗ ಹೆಂಗ ಗೊತ್ತಾಗ್ತಾವ? ಉಣ್ಣಿ ತಗದ್ರ ಎಲ್ಲಾ ಒಂದ ಕಾಣ್ತಾವಲಾ?"

ಮೂರು ದಿನದಲ್ಲಿ ಮೊದಲ ಸಲ ಅಮೋಘಿಯ ಮುಖ ಸಡಿಲಾಯಿತು. "ಮಾರಿ ನೋಡಿ ಗೊತ್ತಾಗ್ತಾವ್ರಿ, ಮನಷ್ಯಾರ ಗೊತ್ತಾದಂಗ. ಬ್ಯಾರೇದಾರಿಗೆ ಗೊತ್ತಾಗ್ಲೆಂತ ಕಿವಿ ಗುರುತು. ನಮ್ಮನಿಂದು ಎಡಗಿವಿ ತುದಿ. ಸುಭಾಷಂದು ಬಲಗಿವ್ಯಾಗ ಸೀಳು. ಮರಿ ಹುಟ್ಟಿ ತಿಂಗಳದಾಗ ಹಾಕ್ತೇವಿ. ದೊಡ್ಡಾದ ಮ್ಯಾಲೆ ಹಾಕೂದಿಲ್ಲ, ನೋವು ತಿಂತಾವ, ಹುಳಾ ಬೀಳ್ತಾವ."

"ಶಿವಾಜಿ ಟಗರಿಗೆ?"

"ಎರಡೂ ಕಿವಿ ಪೂರಾ ಇದ್ವರಿ. ಸಂತ್ಯಾಗ ದೊಡ್ಡದ ತಂದದ್ದು."

ಹೊರಗೆ ಬೈಕಿನ ಸದ್ದಾಯಿತು. ಶಿವಾಜಿ ಇಳಿಯುವ ಮೊದಲೇ ಅವನ ದನಿ ಇಳಿದಿತ್ತು. ಅಗಲ ಎದೆ, ಮೇಲೆತ್ತಿದ ಮೀಸೆ. ಊರೆಲ್ಲ ಅವನನ್ನು ಟಗರು ಅಂತಲೇ ಕರೆಯುತ್ತಿತ್ತು, ಅವನಿಗೂ ಅದು ಖುಷಿಯೇ.

"ಪೋಲೀಸರ ಬದ್ಲಿ ಅಕ್ಕೋರನ್ನ ಕರ್ಸ್ಯಾರೇನು! ಯವ್ವಾ, ನಿಮಗ ಯಾಕರಿ ಈ ಕುರಿ ವಾಸನಿ? ನಾ ಮಾಡಿದ ತಪ್ಪು ಒಂದ. ಈ ಕಳ್ಳನ ಕೈಯಾಗ ಕೊಟ್ಟೆ. ಸುಭಾಷ್ಯಾ ಕೇಳಿದ್ದ, ಒಂದು ತಿಂಗಳ ನನ್ನ ಹಿಂಡಿಗೆ ಬಿಡ್ರಿ, ಎರಡು ವರ್ಷ ಆತು ಮರಿ ಬಡಕಲಾ ಹುಟ್ಟಾಕತ್ತಾವ ಅಂತ. ಚಾದಂಗಡ್ಯಾಗ ಹತ್ತು ಮಂದಿ ಮುಂದ ನಾನ ನಕ್ಕು ಅಂದೆ, 'ಲೇ, ಕುರಿ ಕೈಯಾಗ ಟಗರು ಕೊಡ್ತಾರೇನಲೇ?' ಅಂತ. ಕೊಟ್ಟಿದ್ರ ಛಲೋ ಇತ್ತು. ಆ ಕುರಿಗೆ ಕದಿಯೂ ಧೈರ್ಯನೂ ಇಲ್ಲ."

"ನಿಮ್ಮ ಟಗರು ಎದುರಿಗೆ ಬಂದ್ರ ಗುರುತು ಹಿಡೀತೀರೇನು?"

"ಹಿಡೀದ ಏನ್ರಿ? ಬೆನ್ನ ಮ್ಯಾಲೆ ಇಷ್ಟು ದಪ್ಪ ಕೆಂಪು ಪಟ್ಟಿ, ಕೊರಳಾಗ ಗಂಟಿ, ಕರಡಿಯಂಥ ಉಣ್ಣಿ!"

ಅವನು ಹೋದ ಮೇಲೆ ಲಾಡಲೇಸಾಬ ಹಲ್ಲು ಕಡಿದ. ಹನ್ನೆರಡು ಕುರಿಯ ಆಸೆಗೆ ಇವನೇ ಟಗರು ಬಚ್ಚಿಟ್ಟಿರಬೇಕು ಎಂದು ಅವನಿಗೆ ಅನಿಸಿತು, ಹೇಳಿಯೂ ಬಿಟ್ಟ. ಅಕ್ಕೋರು, "ನೀ ಕೆರಿ ದಂಡಿಗೆ ಹೋಗಿ ಜಾಲಿಗಿಡದ ಸುತ್ತಲ ನೋಡು. ಕೆಂಪು ಬಣ್ಣ ಕಂಡ್ರ ಆರಿಸ್ಕೊಂಡು ಬಾ," ಎಂದರು.

ಅರ್ಧ ತಾಸಿನಲ್ಲಿ ಅವನು ಮುಳ್ಳಿನಿಂದ ಪರಚಿದ ಕೈಯಲ್ಲಿ ಒಂದು ಹಿಡಿ ಕರಿ ಉಣ್ಣೆ ತಂದ. ಪೊದೆಯ ಬುಡಕ್ಕೆ ತುರುಕಿತ್ತಂತೆ. ತುದಿಗಳಲ್ಲಿ ಹುರಮಂಜಿನ ಕೆಂಪು ಇನ್ನೂ ಇತ್ತು. ಚಂದ್ರಕಲಾ ತನ್ನ ರಾಶಿಯನ್ನೆಲ್ಲ ತಿರುವಿ ಹಾಕಿ, "ನಮ್ಮದರಾಗ ಒಂದು ಎಳೀನೂ ಕೆಂಪಿಲ್ರಿ," ಎಂದಳು.

ಸುಭಾಷ ಉಣ್ಣೆ ಕತ್ತರಿಸಿದ ಮರುದಿನವೇ ಹಿಂಡು ಹೊಡೆದುಕೊಂಡು ಬಬಲೇಶ್ವರದ ದಾರಿ ಹಿಡಿದಿದ್ದ. ಆಟೋ ಅವನನ್ನು ಮಧ್ಯಾಹ್ನಕ್ಕೆ ಹಿಡಿಯಿತು. ರಸ್ತೆ ಬದಿಯ ಬೇವಿನ ನೆರಳಲ್ಲಿ ಉಣ್ಣೆ ಕಳೆದುಕೊಂಡ ಕುರಿಗಳು ತಲೆ ತಗ್ಗಿಸಿ ನಿಂತಿದ್ದವು, ಎಲ್ಲವೂ ಸಣಕಲು, ಎಲ್ಲವೂ ಒಂದೇ. ಸುಭಾಷ ಕಂಬಳಿ ಹಾಸಿ ಅಕ್ಕೋರನ್ನು ಕೂರಿಸಿದ, ಮಜ್ಜಿಗೆ ಕೊಟ್ಟ. ತೆಳ್ಳಗಿನ ಮನುಷ್ಯ, ಮಾತಾಡುವಾಗ ನೆಲ ನೋಡುವ ರೂಢಿ. ಲಾಡಲೇಸಾಬನಿಗೆ ಅವನು ಬಹಳ ಹಿಡಿಸಿದ.

"ಅಮೋಘಿ ಹಂಗ ಮಾಡಾಂವಲ್ರಿ," ಎಂದ ಸುಭಾಷ, ಯಾರೂ ಕೇಳುವ ಮೊದಲೇ.

ಗೂಟಕ್ಕೆ ಕಟ್ಟಿದ ದೊಡ್ಡ ಕರಿ ಟಗರೊಂದು ತಲೆ ಕೊಡವುತ್ತಿತ್ತು. ಅದರ ಬಲಗಿವಿಗೆ ಅರಿಷಿಣ ಮೆತ್ತಿತ್ತು.

"ಇದಕ್ಕೇನಾಗ್ಯದಪಾ?"

"ಮುಳ್ಳುತಂತಿ ತಾಗಿ ಗುರುತಿನ ಸೀಳು ಮತ್ತ ಹರೀತ್ರಿ."

"ಸಂತ್ಯಾಗ ತಂದದ್ದೇನು?"

"ಇಲ್ರಿ. ನಮ್ಮಲ್ಲೇ ಹುಟ್ಟಿದ್ದು. ಮೂರು ವರ್ಷದ್ದು."

ಅಕ್ಕೋರು ಎದ್ದು ಹೋಗಿ ಟಗರಿನ ಕಿವಿ ನೋಡಿದರು, ಅದರ ಪಕ್ಕದ ಕುರಿಗಳ ಕಿವಿಗಳನ್ನೂ ನೋಡಿದರು, ತಿರುಗಿ ಬಂದು ಕೂತು ಬೇರೆಯೇ ಮಾತು ತೆಗೆದರು. "ನಿನಗ ಎಲ್ಲಾರೂ ಕುರಿ ಅಂತಾರಂತ. ಸಿಟ್ಟು ಬರೂದಿಲ್ಲೇನಪಾ?"

ಸುಭಾಷ ಕಡ್ಡಿಯಿಂದ ಮಣ್ಣು ಕೆರೆದ. "ಸಾಲ್ಯಾಗಿದ್ದಾಗಿಂದ ಅಂತಾರ್ರಿ. ಮೊದಲ ಬರತಿತ್ತು." ಕಡ್ಡಿ ಮುರಿದು ಒಗೆದು ಹೇಳಿದ, "ಕುರೀಗೆ ಕುರಿ ಅಂದ್ರ ಸಿಟ್ಟು ಬರೂದಿಲ್ರಿ. ಅದಕ್ಕ ಅದು ಬೈಗುಳ ಅಂತ ಗೊತ್ತಿಲ್ಲ. ನಮಗ ಗೊತ್ತಾಗ್ತೈತಿ."

ಅಕ್ಕೋರು ಆ ಮಾತನ್ನು ಬರೆದುಕೊಳ್ಳಲಿಲ್ಲ. ಅದು ಲಾಡಲೇಸಾಬನಿಗೆ ವಿಚಿತ್ರ ಅನಿಸಿತು.

ಮರುದಿನ, ಶುಕ್ರವಾರ ನಾಲ್ಕು ಗಂಟೆಗೆ ಅದೇ ಬೇವಿನ ಕೆಳಗೆ ಎಲ್ಲರೂ ಸೇರಿದರು. ತಿಕೋಟಾದ ಹಿರಿಯ, ದ್ರಾಕ್ಷಿ ತೋಟದ ಶಿವಶರಣಪ್ಪ ಕಲ್ಲಿನ ಮೇಲೆ ಕೂತರು. ಶಿವಾಜಿ ಬೈಕಿಗೆ ಒರಗಿ ನಿಂತ. ಬೋರವ್ವ, ಚಂದ್ರಕಲಾ ನೆಲಕ್ಕೆ. ಅಮೋಘಿಗೆ ಮಾತ್ರ ಅಕ್ಕೋರು, ಕರೆಯುವತನಕ ಆಟೋ ಇಳಿಯಬೇಡ, ತುಟಿ ಬಿಚ್ಚಬೇಡ ಎಂದಿದ್ದರು; ಲಾಡಲೇಸಾಬ ಪರದೆ ಇಳಿಬಿಟ್ಟಿದ್ದ. ಸುಭಾಷ ಕಂಬಳಿ ಹಾಸಿದ.

"ಇಲ್ಲ್ಯಾಕ ಕರ್ಸೀರಿ ಅಕ್ಕೋರ? ಈ ಕುರಿ ಹಂತೇಲಿ ಏನೈತಿ?" ಎಂದ ಶಿವಾಜಿ.

"ಕೂಡು ಶಿವಾಜಿ, ಹೇಳ್ತೀನಿ. ಮೊದಲ ಗಂಟಿ. ಅಮೋಘಿ ಟಗರು ಮಾರಿದ್ದಿದ್ರ ಗಂಟಿ, ಹಗ್ಗ ಮನಿಗೆ ತರತಿದ್ದ. ಅದು ಇವರ ರಿವಾಜು. ಬ್ಯಾರೆ ಕಳ್ಳ ಒಯ್ದಿದ್ರ ಹಗ್ಗ ಕೊಯ್ದು ಓಡತಿದ್ದ. ಇಲ್ಲಿ ಗಂಟು ಬಿಚ್ಚ್ಯಾರ, ಗಂಟಿ ಜನ ನೋಡೂ ಜಾಗಾದಾಗ ಒಗದಾರ. ಟಗರು ವಿಜಾಪುರಕ್ಕ ಹೋತು ಅಂತ ನಾವು ತಿಳೀಲಿ ಅಂತ. ಅಂದ್ರ ಅದು ಆ ಕಡೆ ಹೋಗಿಲ್ಲ. ಗಾಂಧಿ ಚೌಕದಾಗೂ ಅಂಥಾದ್ದು ಯಾರೂ ನೋಡಿಲ್ಲ."

ಶಿವಶರಣಪ್ಪ ತಲೆಯಾಡಿಸಿದರು.

"ಎರಡನೇದು ಉಣ್ಣಿ." ಅಕ್ಕೋರು ಚೀಲದಿಂದ ಕೆಂಪು ತುದಿಯ ಉಣ್ಣೆ ತೆಗೆದಿಟ್ಟರು. "ಟಗರಿನ ಉಣ್ಣಿ ಅಲ್ಲೇ, ಜಾಲಿಗಿಡದ ಹಂತೇಲೇ ಕತ್ತರಿಸ್ಯಾರ. ಹಾಡುಹಗಲಿ, ಕತ್ತರಿ ಹಿಡಕೊಂಡು ಕೂತ್ರೂ ಯಾರ ಕಣ್ಣಿಗೂ ಬೀಳದಾಂವ ಯಾರು? ಆ ದಿನ ಕತ್ತರಿ ಇದ್ದದ್ದು ಇಬ್ಬರ ಕೈಯಾಗ. ಮುಯ್ಯಿ ಪದ್ಧತಿ ಪ್ರಕಾರ ಇನ್ನೊಬ್ಬನ ಕುರಿ ಕತ್ತರಸಬೇಕು. ಅಮೋಘಿ ಟಗರು ಕತ್ತರಿಸಿದ್ರ, ನಿನ್ನ ಪಾಲಿಂದು ನೀ ಯಾಕ ಕತ್ತರಸ್ತಿ ಅಂತ ಯಾರರ ಕೇಳತಿದ್ರು. ಇನ್ನೊಬ್ಬ ಕತ್ತರಿಸಿದ್ರ ಯಾರೂ ಕೇಳೂದಿಲ್ಲ. ಅದು ಅವನ ಪಾಲಿನ ಕೆಲಸನ."

ಶಿವಾಜಿಯ ಬಾಯಿ ತೆರೆಯಿತು. "ಸುಭಾಷ್ಯಾ? ಹುಚ್ಚ ಮಾತು! ನಿನ್ನೆ ಇಲ್ಲೇ ಚಾ ಕುಡದ ಹೋಗೇನಿ. ನನ್ನ ಟಗರು ಇದ್ದಿದ್ರ ನಾ ನೋಡತಿದ್ದಿಲ್ಲೇನು?"

"ನೀ ಪಟ್ಟಿ, ಗಂಟಿ, ಉಣ್ಣಿ ಹುಡಕಾಕತ್ತಿದ್ದಿ. ಮೂರೂ ಹೋದ ಮ್ಯಾಲೆ ಉಳಿಯೂದು ಮಾರಿ. ಅದನ್ನ ನೀ ಒಂದು ದಿನಾನೂ ನೋಡಿಲ್ಲ. ಗುರುತು ಹಿಡಿಯಾಂವ ಅಮೋಘಿ ಒಬ್ಬನ. ಅಂವಗ ನೀನ ಕಳ್ಳ ಅಂದು ಹಟ್ಟ್ಯಾಗ ಕೂಡಿಸಿದಿ." ಅಕ್ಕೋರು ಗೂಟದ ಕಡೆ ತಿರುಗಿದರು. "ಮೂರನೇದು ಕಿವಿ. ಗುರುತು ಹಾಕೂದು ತಿಂಗಳ ಮರೀಗೆ. ಕಿವಿ ಬೆಳದಂಗ ಸೀಳಿನ ಅಂಚು ದುಂಡಗಾಗಿ ಕೂದಲಾ ಬರ್ತಾವ. ಇಲ್ಲಿ ಎಲ್ಲಾ ಕುರಿಗೂ ಹಂಗ ಅದ. ಈ ಟಗರಿನ ಸೀಳು ಮಾತ್ರ ಬುಡದಿಂದ ತುದೀತನ ಹಸೀದು, ಒಂದ ಏಟಿನ್ಯಾಗ ನೆಟ್ಟಗ ಕೊಯ್ದದ್ದು. ಹಳೇ ಅಂಚು ಎಲ್ಲೂ ಇಲ್ಲ. ಮೂರು ವರ್ಷದ ಹಿಂದ ನಿಮ್ಮಲ್ಲೇ ಹುಟ್ಟಿದ್ದಾದ್ರ ಇಷ್ಟು ದಿನ ಯಾಕ ಪೂರಾ ಕಿವಿ ಇತ್ತಪಾ, ಸುಭಾಷ?"

ಶಿವಶರಣಪ್ಪ ಎದ್ದು ಹೋಗಿ ಅರಿಷಿಣ ಒರೆಸಿ ನೋಡಿದರು. ಬಹಳ ಹೊತ್ತು ನೋಡಿದರು. "ಖರೇ ಐತಿ," ಎಂದರು.

"ಈಗ ಅಮೋಘಿ ಇಳೀಲಿ."

ಅಮೋಘಿ ಪರದೆ ಸರಿಸಿ ಇಳಿದು, ನಾಲಗೆ ಮಡಚಿ ಸಣ್ಣಗೆ ಒಂದು ಕೂಗು ಹಾಕಿದ. ಟಗರು ತಲೆ ಎತ್ತಿತು, ಗೂಟ ಕಿತ್ತು ಬರುವಂತೆ ಜಗ್ಗಿ ಅವನತ್ತ ಒದರಿತು. ಅಮೋಘಿ ಅದರ ಕೊರಳು ತಬ್ಬಿಕೊಂಡು, ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಬೋರವ್ವ, "ಯಪ್ಪಾ, ಯಪ್ಪಾ" ಎನ್ನುತ್ತ ಎರಡೂ ಕೈ ನೆಲಕ್ಕೂರಿದಳು. ನಾಲ್ಕು ದಿನದ ಉಸಿರು ಒಮ್ಮೆಲೇ ಹೊರಗೆ ಬಂದಂತಿತ್ತು.

ಸುಭಾಷ ನಿಂತಲ್ಲೇ ಕೂತುಬಿಟ್ಟ. "ಒಂದು ತಿಂಗಳ ಅಷ್ಟ ಇಟ್ಕೊಂಡು ಬಿಡಬೇಕಂತ ಮಾಡಿದ್ದೆ," ಎಂದ ನೆಲಕ್ಕೆ. "ಚಾದಂಗಡ್ಯಾಗ ಹತ್ತು ಮಂದಿ ನಕ್ಕದ್ದು ಇನ್ನೂ ಕಿವ್ಯಾಗ ಇತ್ತು. ಟಗರು ಎದುರಿಗಿ ಕಟ್ಟಿತ್ತು. ಕೈ ತಾನ ಹೋತು. ಅಮೋಘಿ ಮ್ಯಾಲೆ ಬರತೈತಂತ… ಮರುದಿನ ಹೇಳೋಣಂತ ನಾಕು ಹೆಜ್ಜಿ ಬಂದೆ, ಹೊಳ್ಳಿ ಹೋದೆ."

"ಗಂಟಿ ರಸ್ತ್ಯಾಗ ಒಗ್ಯಾಕ ಮಾತ್ರ ಹೊಳ್ಳಿ ಹೋಗಲಿಲ್ಲ," ಎಂದಳು ಚಂದ್ರಕಲಾ. ಸುಭಾಷ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಶಿವಾಜಿ ಕೊರಳಪಟ್ಟಿಗೆ ಕೈ ಹಾಕಲು ಮುನ್ನುಗ್ಗಿದ. ಲಾಡಲೇಸಾಬ ನಡುವೆ ನಿಂತ. ಅಕ್ಕೋರು ದನಿ ಏರಿಸಲಿಲ್ಲ. "ಕದ್ದದ್ದು ತಪ್ಪು. ಗೆಳೆಯನ ಮ್ಯಾಲೆ ಬರಗೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಆದ್ರ ಶಿವಾಜಿ, ನಾವು ಒಬ್ಬಂವಗ ಕುರಿ ಅಂತೀವಿ, ಇನ್ನೊಬ್ಬಂವಗ ಟಗರು ಅಂತೀವಿ, ಆಮ್ಯಾಲೆ ಆ ಮಾತನ್ನ ಸಾಕ್ಷಿ ಅಂತ ನಂಬಿ ಬಿಡ್ತೀವಿ. ಕುರಿ ಅಂದಾಂವ ಕದಿಯೂದಿಲ್ಲಂತ ನೀ ನಂಬಿದಿ. ಟಗರು ಅಂದಾಂವನ ಕಳ್ಳ ಅಂತ ನಮ್ಮ ಲಾಡ್ಲ್ಯಾ ನಂಬಿದ."

ಲಾಡಲೇಸಾಬ ಆಟೋದ ಗಾಜು ಒರೆಸತೊಡಗಿದ.

ಶಿವಶರಣಪ್ಪ, "ಅಮೋಘಿ, ನಿನಗ ಏನು ಬೇಕು ಹೇಳು," ಎಂದರು.

ಅಮೋಘಿ ಮೂಗು ಒರೆಸಿಕೊಂಡು ಸುಭಾಷನನ್ನು ನೋಡಿದ. "ದೀಪಾವಳಿಗೆ ನನ್ನ ಅರವತ್ತೂ ಕುರಿ ಇಂವ ಒಬ್ಬನ ಕತ್ತರಸಬೇಕು. ಮುಯ್ಯಿ ಇಲ್ಲ. ನಾ ಗಿಡದ ಬುಡಕ ಮಲಗಾಂವ." ಸುಭಾಷ ಮುಖ ಮುಚ್ಚಿಕೊಂಡೇ ತಲೆಯಾಡಿಸಿದ.

"ಟಗರು ನಂದು. ಪೋಲೀಸರಿಗೆ ಹೇಳಾಂವ ನಾನು," ಎಂದ ಶಿವಾಜಿ.

ಆಗ ಬೋರವ್ವ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಹೇಳುವಂತಿ ತಡಿಯೋ ತಮ್ಮಾ. ಅದಕ್ಕೂ ಮೊದಲ ನಂದೊಂದು ನೀ ಕೊಡೂದೈತಿ. ನನ್ನ ಮಗಗ ಕಳ್ಳ ಅಂತ ನಾಕು ಊರಾಗ ಹೇಳೀದಿ. ನಮ್ಮ ಹಿಂಡು ಬ್ಯಾಡಂದ ನಾಕೂ ಊರಿನ ರೈತರಿಗೆ ಫೋನ್ ಹಚ್ಚು. ನಮಗೆಲ್ಲಾರಿಗೂ ಕೇಳಬೇಕು, ದೊಡ್ಡ ದನಿ ಇಟ್ಟ ಹಚ್ಚು."

ಶಿವಾಜಿ ಶಿವಶರಣಪ್ಪನವರ ಮುಖ ನೋಡಿದ. ಅವರು ಬೇವಿನ ಎಲೆ ನೋಡುತ್ತಿದ್ದರು. ಅವನ ಕಿವಿ ಕೆಂಪಾದವು. ಕಿಸೆಯಿಂದ ಫೋನ್ ತೆಗೆದ.

ಮೊದಲನೆಯವನಿಗೆ ಹೇಳುವಾಗ ಮೂರು ಸಲ ಕೆಮ್ಮಿದ. "ಹೌದ್ರಿ… ಅಮೋಘಿ ಅಲ್ರಿ… ನಂದ ತಪ್ಪಾತು." ಎರಡನೆಯವನಿಗೆ ಎರಡು ಸಲ ಕೆಮ್ಮಿದ. ಮೂರನೆಯವನು ಆ ಕಡೆಯಿಂದ, "ಹಂಗಂದ್ರ ನಾಳೆನ ಹಿಂಡು ತರಾಕ ಹೇಳ್ರಿ, ತೋಟ ಖಾಲಿ ಆಗೇತಿ," ಎಂದ. ಅದನ್ನು ಎಲ್ಲರೂ ಕೇಳಿದರು. ಚಂದ್ರಕಲಾ ಬಾಯಿಗೆ ಸೆರಗು ಹಿಡಿದು ನಕ್ಕೇಬಿಟ್ಟಳು. ಅಮೋಘಿ ಅವಳನ್ನು ನೋಡಿ ನಕ್ಕ. ಬೋರವ್ವ ಮಾತ್ರ ನಗಲಿಲ್ಲ, ಬೆರಳು ಮಡಚುತ್ತಿದ್ದಳು.

ನಾಲ್ಕನೆಯದು ಬಬಲೇಶ್ವರ, ಶಿವಾಜಿಯದೇ ಊರು, ಅವನದೇ ಓಣಿ. ಫೋನ್ ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೊಮ್ಮೆ ಹಚ್ಚಿದ. ಯಾರೂ ಎತ್ತಲಿಲ್ಲ.

"ಎತ್ತವಲ್ಲರು ಬೇ," ಎಂದ ಶಿವಾಜಿ, ಪಾರಾದವನ ದನಿಯಲ್ಲಿ. "ಮೂರು ಆದವಲ್ಲ."

ಬೋರವ್ವ ಮಡಚದೆ ಉಳಿದ ಒಂದು ಬೆರಳನ್ನು ಅವನ ಮುಖಕ್ಕೆ ಹಿಡಿದಳು.

"ಒಂದು ಬಾಕಿ ಐತಿ. ನಾಳೆ ಮುಂಜಾನಿ ನೀನ ಅವರ ಬಾಗಲಿಗೆ ಹೋಗಿ, ಕಟ್ಟಿ ಕೆಳಗ ನಿಂತು ಹೇಳಿ ಬಾ. ಅಲ್ಲೀತನ ಟಗರು ನನ್ನ ಹಟ್ಟ್ಯಾಗ ಇರತೈತಿ."